ಮನೆ ಮುಟ್ಟುವವರೆಗೆ ನೀರು

ಕಾರಿನ ಎಂಜಿನ್ನನ್ನು ತಣ್ಣಗಿಡುವ ಕೂಲೆಂಟ್ ಸೋರಿದರೆ ಸಿಹಿ ವಾಸನೆ ಬರುತ್ತದೆ. ಜಾಮೂನಿನ ಪಾಕವನ್ನು ಒಲೆಯ ಮೇಲಿಟ್ಟು ಮರೆತರೆ, ತಳ ಹಿಡಿಯುವುದಕ್ಕೆ ಸ್ವಲ್ಪ ಮುಂಚೆ ಒಂದು ವಾಸನೆ ಬರುತ್ತದಲ್ಲ, ಹೆಚ್ಚುಕಡಿಮೆ ಅದೇ. ಐರ್ಲೆಂಡಿನ ಕಾರ್ಕ್ ಊರಿನ ಹಾಲಿಹಿಲ್‌ನಲ್ಲಿ ನಾನೂ ನಮ್ಮ ಭಾವನೂ ಇದ್ದ ಬಾಡಿಗೆ ಮನೆಯ ಮುಂದೆ ಆ ವರ್ಷದ ಸೆಪ್ಟೆಂಬರಿನಿಂದ ಆ ವಾಸನೆ ಶುರುವಾಯಿತು. ಈ ಇಂಡಿಯಾದವರು ಯಾವಾಗಲೂ ಏನಾದರೂ ಸಿಹಿ ಮಾಡುತ್ತಿರುತ್ತಾರೆ ಎಂದು ಪಕ್ಕದ ಮನೆಯ ಅಜ್ಜಿ ಅಂದುಕೊಂಡಿದ್ದರಂತೆ. ನಿಜ ಹೇಳಬೇಕೆಂದರೆ ಆ ಮನೆಯಲ್ಲಿ ನಾವಿಬ್ಬರೂ ತಿನ್ನುತ್ತಿದ್ದದ್ದು ಮೊಸರನ್ನ, ಇಲ್ಲವೇ ಬ್ರೆಡ್ಡು.

ಕಾರು ಭಾವನದು. ಜರ್ಮನಿಯದು, ಕಡುನೀಲಿ, ಎಂಟು ಸಿಲಿಂಡರಿನ ಎಂಜಿನ್. ಕಂಪನಿಯ ಹೆಸರು ಹೇಳುವುದಿಲ್ಲ. ಹೇಳಿದರೆ ಓದುವವರಿಗೆ ಭಾವನ ಬಗ್ಗೆ ತಟ್ಟನೆ ಒಂದು ಅಭಿಪ್ರಾಯ ಬಂದುಬಿಡುತ್ತದೆ, ಅದು ತಪ್ಪಾಗಿರುತ್ತದೆ. ಹೊಸದರಲ್ಲಿ ಅದು ಯಾವುದೋ ಡಾಕ್ಟರೋ ಬಿಲ್ಡರೋ ಓಡಿಸಿದ್ದ ಗಾಡಿ. ಭಾವನ ಕೈಗೆ ಬರುವ ಹೊತ್ತಿಗೆ ಚರ್ಮದ ಸೀಟು ಬಿರುಕು ಬಿಟ್ಟಿತ್ತು, ಎಂಜಿನ್ ಮಾತ್ರ ಇನ್ನೂ ಗಂಟಲು ಸರಿ ಮಾಡಿಕೊಂಡು ಹಾಡುವ ಹಿಂದೂಸ್ತಾನಿ ಗಾಯಕನ ಹಾಗೆ ಶುರುವಾಗುತ್ತಿತ್ತು. ಭಾವನ ಆಫೀಸು ಅದೇ ಗುಡ್ಡದ ಮೇಲೆ, ದೊಡ್ಡ ಟೆಕ್ ಕಂಪನಿಯ ಕ್ಯಾಂಪಸ್ಸಿನಲ್ಲಿ. ಕೆಲಸಕ್ಕೆ ನಡೆದೇ ಹೋಗುತ್ತಿದ್ದರು. ಹಾಗಾದರೆ ಕಾರು ಯಾಕೆ? ಕಿಲ್ಕೆನ್ನಿಗೆ. ಅದೊಂದೇ ಕಾರಣ. ಅದನ್ನು ಕೊಂಡ ದಿನ ಭಾವ ಎಲ್ಲರಿಗೂ ಹೇಳಿದ್ದು ಅದನ್ನೇ.

ಎರಡು ಗಂಟೆ ದಾರಿಯ ಕಿಲ್ಕೆನ್ನಿ ಊರಿನಲ್ಲಿ ಇದ್ದದ್ದು ನನ್ನ ಅಕ್ಕ ಮತ್ತು ಅವರ ಮಗಳು. ಅಕ್ಕ ಅಲ್ಲಿನ ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟ್. ಕೆಲಸ ಆ ವರ್ಷದ ಶುರುವಿನಲ್ಲಿ, ಒಂದು ವರ್ಷದ ಮಟ್ಟಿಗೆ ಸಿಕ್ಕಿತ್ತು. ಹೊರಡುವ ಮುಂಚೆ ಗಂಡ ಹೆಂಡತಿ ಕೂತು ಮಾಡಿಕೊಂಡ ಏರ್ಪಾಡು ಸರಳವಾಗಿತ್ತು: ಮಗು ತಾಯಿಯ ಜೊತೆ, ಭಾವ ಪ್ರತಿ ಶುಕ್ರವಾರ ಸಂಜೆ ಹೊರಟು ಭಾನುವಾರ ವಾಪಸು. ಅಷ್ಟರಲ್ಲಿ ಭಾವ ತಮ್ಮ ಮ್ಯಾನೇಜರನ್ನು ಕೇಳಿ ಮನೆಯಿಂದಲೇ ಕೆಲಸ ಮಾಡಲು ಒಪ್ಪಿಗೆ ಪಡೆಯುವುದು. ವರ್ಷದ ಕೊನೆಗೆ ಆಸ್ಪತ್ರೆಯವರು ಕೆಲಸ ಕಾಯಂ ಮಾಡುತ್ತೇವೆ ಅಂದರೆ ಅಕ್ಕ ಹೂಂ ಅನ್ನುವುದು, ಮೂವರೂ ಅಲ್ಲೇ ಒಂದು ಮನೆ ಹಿಡಿಯುವುದು. ಎಲ್ಲವೂ ಆ ಶುಕ್ರವಾರಗಳ ಮೇಲೆ ನಿಂತಿತ್ತು. ಅದು ನನಗೆ ಗೊತ್ತಿತ್ತು, ಭಾವನಿಗೆ ಗೊತ್ತಿತ್ತು. ಅಕ್ಕ ಅದನ್ನು ಯಾರಿಗೂ ಮರೆಯಲು ಬಿಡುತ್ತಿರಲಿಲ್ಲ.

ಸೆಪ್ಟೆಂಬರಿನ ಆ ಶುಕ್ರವಾರ ನಾನೂ ಕಾರಿನಲ್ಲಿದ್ದೆ. ಮಗು ಹೊಸದಾಗಿ ಶಾಲೆಗೆ ಸೇರಿತ್ತು, ಯೂನಿಫಾರಂ ಹಾಕಿಕೊಂಡು ತೋರಿಸುತ್ತೇನೆ ಎಂದು ಫೋನಿನಲ್ಲಿ ಹೇಳಿತ್ತು. ಕ್ಯಾಹರ್ ಎಂಬ ಊರು ಹತ್ತಿರ ಬರುವಾಗ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿಕೊಂಡಿತು, ಸ್ವಲ್ಪ ಹೊತ್ತಿಗೆ ಕೆಂಪು. ಭಾವ ಹೆದ್ದಾರಿಯಿಂದ ಇಳಿದು ಒಂದು ಗ್ಯಾರೇಜಿನ ಮುಂದೆ ನಿಲ್ಲಿಸಿದರು. ಬಾಗಿಲು ಎಳೆಯುವ ಹೊತ್ತು ಅದು. ಗ್ಯಾರೇಜಿನವನು ಉದ್ದನೆಯ ಆಳು, ಕೈಯಲ್ಲಿ ಟೀ ಮಗ್. ಬಾನೆಟ್ ಎತ್ತಿಸಿ, ಎಂಜಿನ್ ಆರುವವರೆಗೂ ಮಳೆಯ ಬಗ್ಗೆ ಮಾತಾಡಿದ. ಆಮೇಲೆ ಮುಚ್ಚಳ ತಿರುಗಿಸಿ ಒಂದು ಕ್ಯಾನ್ ನೀರು ಸುರಿದ. ಎಲ್ಲೋ ಸಣ್ಣಗೆ ಸೋರುತ್ತಿದೆ, ಇಷ್ಟು ಹಳೇ ಗಾಡಿಯಲ್ಲಿ ಎಲ್ಲಿ ಅಂತ ಹುಡುಕಲು ಈಗ ಪುರಸೊತ್ತಿಲ್ಲ, ವಾರ ಶುರುವಾದ ಮೇಲೆ ಯಾರಿಗಾದರೂ ತೋರಿಸಿ ಎಂದ. ಮನೆ ಎಲ್ಲಿ ಎಂದು ಕೇಳಿದ.

ಭಾವ ಕಾರ್ಕ್ ಅಂದರು.

ಹಾಗಾದರೆ ನೀರೇ ಸಾಕು, ಮನೆ ಮುಟ್ಟುವವರೆಗೆ 'ಯು'ಲ್ ಬಿ ಗ್ರ್ಯಾಂಡ್' ಅಂದ ಆತ, ಬಾಗಿಲು ಎಳೆದುಕೊಂಡ.

ಭಾವ ಕಾರು ತಿರುಗಿಸಿದರು. ಕ್ಯಾಹರ್‌ನಿಂದ ಕಾರ್ಕ್ ಎಷ್ಟು ದೂರವೋ ಕಿಲ್ಕೆನ್ನಿಯೂ ಅಷ್ಟೇ. ನಿಜಕ್ಕೂ ನೋಡಿದರೆ ಕಿಲ್ಕೆನ್ನಿಯೇ ಒಂದು ಕೈ ಹತ್ತಿರ. ಅದು ಭೂಪಟದ ವಿಷಯ, ಅಭಿಪ್ರಾಯದ ವಿಷಯವಲ್ಲ.

"ಭಾವ, ಮುಂದಕ್ಕೆ ಹೋದ್ರೂ ಅಷ್ಟೇ ದೂರ ಅಲ್ವಾ?" ಅಂದೆ.

"ಮನೆಗೆ ಹೋಗಿ ಅಂದ ಕಣೋ ಅವನು."

"ಅವನು ಮನೆ ಎಲ್ಲಿ ಅಂತ ಕೇಳ್ದ ಅಷ್ಟೇ. ಕಾರ್ಕ್ ಅಂತ ಹೇಳಿದ್ದು ನೀವು."

ಅವರು ಕನ್ನಡಿ ಸರಿಮಾಡಿಕೊಂಡರು. "ನಿಮ್ಮಪ್ಪ ನಿನ್ನ ಲಾಯರ್ ಓದಿಸ್ಬೇಕಿತ್ತು," ಅಂದರು. ನಾನೇ ಅಕ್ಕನಿಗೆ ಫೋನ್ ಮಾಡಿ ಕಾರು ಕೆಟ್ಟಿತು ಅಂದೆ. ಅಲ್ಲಿ ಮಗು ಯೂನಿಫಾರಂ ಇನ್ನೂ ಬಿಚ್ಚಿರಲಿಲ್ಲವಂತೆ.

ಈ 'ಗ್ರ್ಯಾಂಡ್' ಎಂಬ ಪದದ ಬಗ್ಗೆ ಎರಡು ಮಾತು ಹೇಳಲೇಬೇಕು. ಮೈಸೂರಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ನಮ್ಮನ್ನು ತಯಾರು ಮಾಡುತ್ತಿದ್ದ ಮೇಷ್ಟರು, ಮೊದಲು ಪದದ ಅರ್ಥ ಗೊತ್ತುಮಾಡಿಕೊಳ್ಳಿ, ಆಮೇಲೆ ಪರವೋ ವಿರೋಧವೋ ನೋಡೋಣ ಅನ್ನುತ್ತಿದ್ದರು. ಕನ್ನಡದಲ್ಲಿ ನಾವು ಗ್ರ್ಯಾಂಡ್ ಅನ್ನುವುದು ಮದುವೆಗೆ, ರೇಷ್ಮೆ ಸೀರೆಗೆ, ಐದು ಬಗೆಯ ಸಿಹಿ ಬಡಿಸಿದ ಊಟಕ್ಕೆ. ಐರ್ಲೆಂಡಿನವರ ಗ್ರ್ಯಾಂಡ್ ಬೇರೆ. ಪರವಾಗಿಲ್ಲ, ನಡೆಯುತ್ತೆ, ಇದಕ್ಕಿಂತ ಹೆಚ್ಚು ಈಗ ಬೇಡ, ದಯವಿಟ್ಟು ಈ ಮಾತು ಇಲ್ಲಿಗೆ ನಿಲ್ಲಿಸೋಣ: ಇಷ್ಟೂ ಅದರೊಳಗೆ ಇದೆ. ಹಲ್ಲು ಕೀಳಿಸಿಕೊಂಡವನೂ ಗ್ರ್ಯಾಂಡ್, ಕೆಲಸ ಕಳೆದುಕೊಂಡವನೂ ಗ್ರ್ಯಾಂಡ್. ಭಾವನಿಗೆ ಈ ವ್ಯತ್ಯಾಸ ತಿಳಿದಿರಲಿಲ್ಲ ಎಂದು ನಾನು ವಾದಿಸಲಾರೆ. ನನಗಿಂತ ಬಹಳ ಮುಂಚೆ ಈ ದೇಶಕ್ಕೆ ಬಂದವರು, ದಿನಕ್ಕೆ ನೂರು ಸಲ ಅವರೂ ಆ ಪದ ಅನ್ನುತ್ತಿದ್ದರು. ಆದರೂ ಆ ಗ್ಯಾರೇಜಿನವನ ಮಾತನ್ನು ಮನೆಗೆ ತಂದು ಬಿಚ್ಚುವಾಗ ಅವರಿಗೆ ಕನ್ನಡದ ಅರ್ಥವೇ ಬೇಕಾಯಿತು. ನೀರು ಹಾಕಿದರೆ ಗ್ರ್ಯಾಂಡ್ ಅಂತೆ, ಅಂದರು. 'ಮನೆ ಮುಟ್ಟುವವರೆಗೆ' ಎಂಬ ತುಂಡು ದಾರಿಯಲ್ಲೇ ಎಲ್ಲೋ ಬಿದ್ದುಹೋಗಿತ್ತು.

ನೀರಿನ ವಿಷಯದಲ್ಲಿ ಯಾರಿಗೂ ಅನುಮಾನ ಬರುವಂತೆಯೂ ಇರಲಿಲ್ಲ. ಬೆಂಗಳೂರಿನಲ್ಲಿ ಬೆಳೆದವರಿಗೆ ರೇಡಿಯೇಟರಿಗೆ ಹಾಕುವ ವಸ್ತು ನೀರು. ಪೆಟ್ರೋಲ್ ಬಂಕಿನ ಮೂಲೆಯಲ್ಲಿ ನಲ್ಲಿ, ಅದರ ಕೆಳಗೆ ಕಿವಿ ಮುರಿದ ಬಕೆಟ್ಟು. ಡ್ರೈವರ್ ಇಳಿದು 'ನೀರು ಕುಡಿಸ್ತೀನಿ ಸಾರ್' ಅಂದರೆ ಯಾರೂ ಯಾವ ನೀರು ಎಂದು ಕೇಳುವುದಿಲ್ಲ. ಭಾವನದು ಇನ್ನೂ ಒಂದು ತರ್ಕ ಇತ್ತು, ಅದರಲ್ಲಿ ನನಗೂ ಹುಳುಕು ಕಾಣಲಿಲ್ಲ: ಸೋರುವ ಪಾತ್ರೆಗೆ ಒಳ್ಳೆಯ ಕೂಲೆಂಟ್ ಸುರಿದು ಮೋರಿಗೆ ಬಿಡುವುದು ಯಾಕೆ, ಸೋರಿಕೆ ಪೂರ್ತಿ ನಿಂತ ಮೇಲೆ ಹಾಕಿದರಾಯಿತು. ಹಾಗಾಗಿ ಅಡುಗೆಮನೆಯ ನಲ್ಲಿಯಿಂದ ಎರಡು ಲೀಟರಿನ ಹಾಲಿನ ಡಬ್ಬ ತುಂಬಿಕೊಂಡು ಬರುವುದು ನಮ್ಮ ಶನಿವಾರದ ಕೆಲಸವಾಯಿತು.

ಶನಿವಾರಗಳ ಬಗ್ಗೆ ಹೇಳುತ್ತೇನೆ. ಬೆಳಿಗ್ಗೆ ಕಾಫಿ ಕುಡಿದು ಭಾವ ಹಳೇ ಜಾಕೆಟ್ ಹಾಕಿಕೊಂಡು, ಮುಂಭಾಗವನ್ನು ಜಾಕ್ ಮೇಲೆ ಎತ್ತಿ, ಯೋಗದ ಮ್ಯಾಟ್ ಹಾಸಿ ಕೆಳಗೆ ತೂರುತ್ತಿದ್ದರು. ಮ್ಯಾಟ್ ಅಕ್ಕನದು. ನನ್ನ ಕೆಲಸ ಟಾರ್ಚ್ ಹಿಡಿಯುವುದು ಮತ್ತು ಫೋನಿನಲ್ಲಿ ಯಾರೋ ಜರ್ಮನ್ ಉಚ್ಚಾರದವನು ಬಿಚ್ಚಿ ತೋರಿಸುವ ವಿಡಿಯೋವನ್ನು ಹಿಂದಕ್ಕೆ ಮುಂದಕ್ಕೆ ಓಡಿಸುವುದು. ಮೊದಲು ಹೋದದ್ದು ಕೂಲೆಂಟ್ ಟ್ಯಾಂಕು. ಪ್ಲಾಸ್ಟಿಕ್ ಬಿಸಿಲಲ್ಲಿಟ್ಟ ಹಪ್ಪಳದ ಹಾಗೆ ಗರಿಗರಿಯಾಗಿತ್ತು, ಬೆರಳು ಒತ್ತಿದರೆ ಮುರಿಯಿತು. ಅದನ್ನು ಬದಲಾಯಿಸಿದೆವು. ಮುಂದಿನ ವಾರ ಅದರಿಂದ ಹೊರಡುವ ಹೋಸ್ ಪೈಪಿನ ಬಾಯಿ ಸೋರಿತು. ಅದನ್ನು ಬದಲಾಯಿಸಿದರೆ ವಾಟರ್ ಪಂಪು. ಈ ವ್ಯವಸ್ಥೆಯ ಗುಣವೇ ಅದು. ಒಳಗೆಲ್ಲ ಒತ್ತಡ ಇರುತ್ತದೆ. ಒಂದು ಕಡೆ ಬಿಗಿ ಮಾಡಿದರೆ ಆ ಒತ್ತಡ ಹೋಗಿ ಅದಕ್ಕಿಂತ ಬಡಕಲು ಜಾಗವನ್ನು ಹುಡುಕಿಕೊಳ್ಳುತ್ತದೆ. ಅಂದರೆ ನಾವು ಸೋರಿಕೆಯನ್ನು ನಿಲ್ಲಿಸುತ್ತಿರಲಿಲ್ಲ, ಜಾಗ ಬದಲಾಯಿಸುತ್ತಿದ್ದೆವು.

ಭಾವ–ಭಾಮೈದ ಅಂದರೆ ಕಾಲೆಳೆಯುವ ಸಂಬಂಧ, ಅದಕ್ಕೆ ಲೈಸೆನ್ಸ್ ಬೇಡ. ಕಾರಿನ ಕೆಳಗೆ ಮಲಗಿದ್ದವರಿಗೆ, ಇದನ್ನ ಕಾರು ಅನ್ನೋದಕ್ಕಿಂತ ತೊಟ್ಟಿಲು ಅನ್ನಿ, ವಾರಕ್ಕೊಮ್ಮೆ ಒದ್ದೆ ಮಾಡ್ಕೊಳತ್ತೆ ಅಂದಿದ್ದೆ. ನಿನ್ನ ಮದುವೆಗೆ ಇದೇ ಕಾರಲ್ಲಿ ನಿನ್ನ ಮೆರವಣಿಗೆ ಮಾಡಿಸ್ತೀನಿ, ಮಂಟಪದವರೆಗೆ ನೀನೇ ತಳ್ಕೊಂಡು ಹೋಗುವೆಯಂತೆ ಅಂದಿದ್ದರು. ಆ ನಗುವಿನ ಹೊತ್ತಿನಲ್ಲಿ ಅವರು ಬೇರೆಯೇ ಮನುಷ್ಯ. ಕೈಗೆಲ್ಲ ಗ್ರೀಸ್, ಹುಬ್ಬಿನ ಮೇಲೆ ಗುಲಾಬಿ ಬಣ್ಣದ ಕೂಲೆಂಟ್ ಹನಿ. ಆಫೀಸಿನಿಂದ ಬರುವಾಗ ಇರುತ್ತಿದ್ದ ಬೂದಿ ಮುಖ ಶನಿವಾರ ಇರುತ್ತಿರಲಿಲ್ಲ.

ನನ್ನ ಕೆಲಸ ಕಾರ್ಕ್ ಅಂಚಿನ ಲಿಟಲ್ ಐಲ್ಯಾಂಡಿನ ಒಂದು ಔಷಧಿ ಕಾರ್ಖಾನೆಯಲ್ಲಿ. ಏನಾದರೂ ತಪ್ಪಾದರೆ ಯಾಕಾಯಿತು ಎಂದು ಬೆನ್ನಟ್ಟುವವರ ಪೈಕಿ ನಾನೊಬ್ಬ. ಹಾಗಾಗಿ ಒಂದು ವಿಷಯ ನನ್ನ ಕಣ್ಣಿಗೆ ಬೀಳದೆ ಇರಲಿಲ್ಲ. ಕಾರು ಯಾವಾಗಲೂ ಶುಕ್ರವಾರವೇ ಸೋರುತ್ತಿತ್ತು. ಗುರುವಾರ ಒಣಗಿದ ನೆಲ, ಶುಕ್ರವಾರ ಸಂಜೆ ಭಾವ ಬಾನೆಟ್ ಎತ್ತಿ ನೋಡಿದರೆ ಒದ್ದೆ. ಆ ವಾರ ಪ್ರಯಾಣ ರದ್ದು, ಶನಿವಾರ ರಿಪೇರಿ, ಭಾನುವಾರ ಸರಿ. ಕೇಳಿದವರಿಗೆ ಅನುಮಾನ ಬರಲೇಬೇಕು. ಆದರೆ ಪ್ರಾಮಾಣಿಕವಾಗಿ ಎದುರು ಪಕ್ಷವನ್ನೂ ಹೇಳುತ್ತೇನೆ: ವಾರವಿಡೀ ಯಾರೂ ಬಾನೆಟ್ ಎತ್ತುತ್ತಿರಲಿಲ್ಲ. ಹೊರಡುವ ಮುಂಚೆ ಎಂಜಿನ್ ಬಿಸಿ ಮಾಡುತ್ತಿದ್ದದ್ದೂ ಶುಕ್ರವಾರ ಮಾತ್ರ, ಬಿಸಿಯಾದರೆ ಒತ್ತಡ, ಒತ್ತಡವಾದರೆ ಸೋರಿಕೆ. ನೋಡಿದ ದಿನ ಕಂಡದ್ದನ್ನು ಆ ದಿನದ ತಪ್ಪು ಅನ್ನಲಾಗದು. ಎರಡೂ ವಾದ ನನ್ನ ತಲೆಯಲ್ಲೇ ನಡೆಯಿತು, ಎರಡೂ ಚೆನ್ನಾಗಿಯೇ ನಡೆಯಿತು, ತೀರ್ಪು ಕೊಡುವವರು ಯಾರೂ ಇರಲಿಲ್ಲ.

ಅಕ್ಟೋಬರಿನಲ್ಲಿ ಭಾವ ಎರಡು ಸಲ ಮಾತ್ರ ಕಿಲ್ಕೆನ್ನಿಗೆ ಹೋಗಿಬಂದರು. ನವೆಂಬರಿನಲ್ಲಿ ಒಂದು ಸಲ. ಡಿಸೆಂಬರ್ ಶುರುವಿನಲ್ಲಿ ಒಂದು ಸಂಜೆ ಅಕ್ಕ ಭಾವನ ಬದಲು ನನಗೆ ಫೋನ್ ಮಾಡಿದರು. ವಿಡಿಯೋದಲ್ಲಿ ಮೊದಲು ಕಂಡದ್ದು ಮಗುವಿನ ಹಣೆ.

"ಇಸ್ ದ ಕಾರ್ ಸಿಕ್ ಅಗೇನ್, ಮಾಮಾ?" ಅಂತು. ಅಪ್ಪಟ ಕಿಲ್ಕೆನ್ನಿ ರಾಗ. ಹೂಂ ಪುಟ್ಟ, ಹುಷಾರಿಲ್ಲ ಅಂದೆ. ನನ್ನ ಕನ್ನಡ ಅದಕ್ಕೆ ಅರ್ಥವಾಯಿತು, ಉತ್ತರ ಮತ್ತೆ ಇಂಗ್ಲಿಷಿನಲ್ಲೇ: "ಇಟ್ಸ್ ಆಲ್ವೇಸ್ ಸಿಕ್." ಹೇಳಿ ಆಡಲು ಓಡಿಹೋಯಿತು.

ಅಕ್ಕ ಫೋನ್ ಎತ್ತಿಕೊಂಡರು. ಇನ್ನೂ ಆಸ್ಪತ್ರೆಯ ಬಟ್ಟೆಯಲ್ಲೇ ಇದ್ದರು. ಅವರು ಕೇಳುವ ಮೊದಲೇ ನಾನು ಪುರಾವೆ ಮಂಡಿಸಿದೆ: ಪಂಪಿನ ಫೋಟೊ, ನೆಲದ ಮೇಲಿನ ಗುಲಾಬಿ ಕಲೆಯ ಫೋಟೊ. ಅಕ್ಕ ಎಲ್ಲವನ್ನೂ ನೋಡಿದರು.

"ಕಾರ್ ಕೆಟ್ಟಿಲ್ಲ ಅಂತ ನಾನು ಅಂದ್ನೇನೋ?"

"ಮತ್ತೆ?"

"ಬಸ್ ಓಡ್ತಿದೆ ಕಣೋ. ಇಲ್ಲಿಗೆ ಬರೋರೆಲ್ಲ ಎಂಟು ಸಿಲಿಂಡರ್ ಇಟ್ಕೊಂಡೇ ಬರ್ತಾರಾ?"

ಆ ವಾದಕ್ಕೆ ಉತ್ತರ ಹೇಳಬೇಕಾದವನು ನಾನಲ್ಲ. ಆಸ್ಪತ್ರೆಯವರು ಕಾಯಂ ಮಾಡುತ್ತೇವೆ ಅಂದಿದ್ದಾರೆ, ಜನವರಿಯೊಳಗೆ ಹೇಳಬೇಕು ಎಂದು ಅಕ್ಕ ತಿಳಿಸಿದರು. ಮನೆಗಳನ್ನೂ ನೋಡುತ್ತಿದ್ದೇನೆ, ಒಂದು ಮೂರು ಬೆಡ್‌ರೂಮಿನದು, ಒಂದು ಎರಡರದು, ಯಾವುದಕ್ಕೆ ಹೂಂ ಅನ್ನಬೇಕೋ ನಿನ್ನ ಭಾವನೇ ಹೇಳಬೇಕು ಅಂದರು. ಅವರಲ್ಲಿ ಸಿಟ್ಟು ಇದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಆ ಶನಿವಾರ ಟಾರ್ಚ್ ಹಿಡಿದುಕೊಂಡೇ ಭಾವನನ್ನು ಕೇಳಿದೆ, ಮ್ಯಾನೇಜರ್ ಹತ್ತಿರ ಮಾತಾಡಿದರಾ ಅಂತ. ಮನೆಯಿಂದ ಕೆಲಸ ಮಾಡುವ ವಿಷಯ. ಕಾರೊಂದು ಸರಿಯಾಗಲಿ, ಆಮೇಲೆ ಅಂದರು. ಕಾರಿಗೂ ಮ್ಯಾನೇಜರಿಗೂ ಏನು ಸಂಬಂಧ ಎಂದು ನಾನು ಬಿಡಲಿಲ್ಲ. ನೀವು ಹೋಗದೆ ಇರೋದಕ್ಕೆ ಕಾರು ಕಾರಣಾನೋ, ಕಾರು ಹಿಂಗಿರೋದಕ್ಕೆ ನೀವು ಹೋಗದೆ ಇರೋದು ಕಾರಣಾನೋ ಅಂದೆ. ಕೇಳಲು ಚೆನ್ನಾಗಿತ್ತು ಮಾತು. ಕಾರಿನ ಕೆಳಗೆ ಸ್ಪ್ಯಾನರ್ ತಿರುಗುವುದು ನಿಂತಿತು.

"ಅಲ್ಲಿಗೆ ಹೋದ್ರೆ ನಾನು ನೆಂಟ ಕಣೋ," ಅಂದರು ಆಮೇಲೆ. "ಚಮಚ ಎಲ್ಲಿದೆ ಅಂತ ಮಗಳನ್ನ ಕೇಳ್ಬೇಕು. ಅವಳು ನನ್ನ ಇಂಗ್ಲಿಷ್ ತಿದ್ದುತಾಳೆ. ನಿಮ್ಮಕ್ಕ ತಿದ್ದಬೇಡ ಅಂತಾಳೆ. ಅದು ಇನ್ನೂ ಕಷ್ಟ."

ಕೈ ಹೊರಗೆ ಚಾಚಿ ನನ್ನಿಂದ ಒರೆಸುವ ಬಟ್ಟೆ ಇಸಿದುಕೊಂಡರು.

"ಇದಾದ್ರೆ ಲೈಟ್ ಹಿಡಿದ್ರೆ ಎಲ್ಲಿ ಸೋರ್ತಿದೆ ಅಂತ ಕಾಣತ್ತೆ," ಅಂದರು. "ಲೈಟು ಈ ಕಡೆ ಹಿಡಿ."

ಹಿಡಿದೆ. ಹೊರಗೆ ಜಿಟಿಜಿಟಿ ಮಳೆ, ಊಟದ ಹೊತ್ತಿಗೆಲ್ಲ ಬೆಳಕು ಮಂಕಾಗುವ ತಿಂಗಳು ಅದು. ಬೀದಿಯ ಮನೆಗಳ ಕಿಟಕಿಗಳಲ್ಲಿ ಆಗಲೇ ಕ್ರಿಸ್‌ಮಸ್ ದೀಪಗಳಿದ್ದವು.

ಕ್ರಿಸ್‌ಮಸ್‌ಗೆ ಅಕ್ಕ ಮತ್ತು ಮಗುವೇ ನಮ್ಮಲ್ಲಿಗೆ ಬಂದರು, ಬಸ್ಸಿನಲ್ಲಿ. ಒಳ್ಳೆಯದಾಗಿಯೇ ಕಳೆಯಿತು ಅನ್ನಬಹುದು. ಮಗು ಭಾವನಿಗೆ ತನ್ನ ಶಾಲೆಯ ಹಾಡು ಕಲಿಸಿತು. ಹೊರಡುವ ದಿನ ಅಕ್ಕ ಯೋಗದ ಮ್ಯಾಟನ್ನು ನೋಡಿ, ಅಲ್ಲೇ ಬಿಟ್ಟುಹೋದರು.

ಜನವರಿಯ ಹೊತ್ತಿಗೆ ಸಿಹಿ ವಾಸನೆ ನಿಂತಿತ್ತು. ನೆಲದ ಮೇಲೆ ಗುಲಾಬಿ ಕಲೆಯೂ ಇಲ್ಲ. ಅಲ್ಲೊಂದು ಇಲ್ಲೊಂದು ತೇವ ಕಂಡರೂ ಅದು ಮಳೆಯದು ಎಂದುಕೊಂಡೆವು, ಈ ದೇಶದಲ್ಲಿ ಅದು ಸಮಂಜಸವಾದ ಊಹೆಯೇ. ಭಾವ ಒಂದು ವಾರವಿಡೀ ದಿನಾ ಬೆಳಿಗ್ಗೆ ಟ್ಯಾಂಕಿನ ಮಟ್ಟ ನೋಡಿದರು, ಅದು ಕಣ್ಣಿಗೆ ಕಾಣುವಷ್ಟು ಇಳಿಯಲಿಲ್ಲ. "ಗೆದ್ವಿ ಕಣೋ," ಅಂದರು. ಆಸ್ಪತ್ರೆಗೆ ಉತ್ತರ ಕೊಡುವ ಸೋಮವಾರ ಹತ್ತಿರ ಬಂದಿತ್ತು. ಅಕ್ಕ ನನಗೆ ಹೇಳಿದ್ದು ಇಷ್ಟೇ: ಈ ಶುಕ್ರವಾರ ಅವರು ಬಂದರೆ ಕೂತು ಮಾತಾಡುತ್ತೇವೆ, ಬರದೆ ಇದ್ದರೆ ನಾನೇ ಯೋಚನೆ ಮಾಡುತ್ತೇನೆ. ಇದನ್ನು ಅವರಿಗೆ ಹೇಳು ಅಂದರು. ಹೇಳಿದೆ. ಭಾವ ಶುಕ್ರವಾರ ರಜೆ ಹಾಕಿದರು. ಸಂಜೆಯಲ್ಲ, ಬೆಳಿಗ್ಗೆಯೇ ಹೊರಡುತ್ತೇನೆ ಅಂದರು. ಮಗುವಿಗೆ ಬಣ್ಣದ ಪೆನ್ಸಿಲ್ಲುಗಳ ಡಬ್ಬಿ ತಂದರು. ಗುರುವಾರವೇ ಬ್ಯಾಗು ಡಿಕ್ಕಿಗೆ ಹಾಕಿದರು. ಇದನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ ನನ್ನ ಶುಕ್ರವಾರದ ವಾದವನ್ನು ಕೆಡವಲು ಬೇರೆ ಸಾಕ್ಷಿ ಬೇಕಿಲ್ಲ. ಆ ಸಲ ಅವರು ಹೊರಟಿದ್ದರು.

ಆ ವಾರ ಮಳೆ ನಿಂತು ಆಕಾಶ ತೊಳೆದಿಟ್ಟ ಹಾಗಾಗಿತ್ತು. ಇಲ್ಲಿ ಚಳಿಗಾಲದಲ್ಲಿ ಆಕಾಶ ಚೊಕ್ಕಟವಾದರೆ ಸಂತೋಷ ಪಡುವವರು ಹೊಸಬರು ಮಾತ್ರ. ಶುಕ್ರವಾರ ಬೆಳಿಗ್ಗೆ ಎದ್ದು ನೋಡಿದರೆ ಬೀದಿಯೇ ಬೆಳ್ಳಗೆ. ಹುಲ್ಲು, ಬೇಲಿ, ಕಸದ ಡಬ್ಬಗಳ ಮುಚ್ಚಳ, ಎಲ್ಲದರ ಮೇಲೂ ಹಿಮದ ಹುಡಿ. ಭಾವ ಹಳೆಯ ಬ್ಯಾಂಕ್ ಕಾರ್ಡಿನಿಂದ ಗಾಜು ಕೆರೆದರು, ಕೂತರು, ಸ್ಟಾರ್ಟ್ ಮಾಡಿದರು.

ಎಂಜಿನ್ನಿನಿಂದ ಒಂದು ಕಿರುಚಾಟ ಎದ್ದಿತು. ಬೆಲ್ಟು ತಿರುಗಲು ನೋಡುತ್ತಿತ್ತು, ಪಂಪು ತಿರುಗಲು ಒಪ್ಪುತ್ತಿರಲಿಲ್ಲ. ರಬ್ಬರ್ ಸುಟ್ಟ ವಾಸನೆ. ಆಫ್ ಮಾಡಿ ಅಂತ ನಾನು ಕೂಗುವಷ್ಟರಲ್ಲಿ ಭಾವ ಆಫ್ ಮಾಡಿದ್ದರು. ಬಾನೆಟ್ ಎತ್ತಿ ಟ್ಯಾಂಕಿನ ಮುಚ್ಚಳ ತೆರೆದರು. ಒಳಗೆ ಬೆರಳು ಹಾಕಿದರು, ಬೆರಳು ಇಳಿಯಲಿಲ್ಲ. ಒಳಗೆ ಮಂಜುಗಡ್ಡೆ.

ಅವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಒಬ್ಬ ಇಂಜಿನಿಯರು, ಇನ್ನೊಬ್ಬ ತಪ್ಪಿನ ಮೂಲ ಹುಡುಕಿ ಸಂಬಳ ತೆಗೆದುಕೊಳ್ಳುವವನು. ನೀರು ಹೆಪ್ಪುಗಟ್ಟುತ್ತದೆ, ಹೆಪ್ಪುಗಟ್ಟಿದರೆ ಹಿಗ್ಗುತ್ತದೆ ಎಂದು ಹೈಸ್ಕೂಲಿನಲ್ಲಿ ಓದಿ ನಂಬರು ತೆಗೆದವರು ಇಬ್ಬರೂ. ಆದರೆ ಫ್ರಿಜ್ಜಿನ ಹೊರಗೆ, ಕಬ್ಬಿಣದ ಹೊಟ್ಟೆಯೊಳಗೆ, ಮನೆಯ ಮುಂದೆ ನಿಲ್ಲಿಸಿದ ಕಡೆಯೇ ಅದು ನಡೆಯಬಹುದು ಎಂದು ನಮ್ಮ ಮೈಗೆ ಗೊತ್ತಿರಲಿಲ್ಲ.

ಲಿಟಲ್ ಐಲ್ಯಾಂಡಿನಲ್ಲಿ ನನ್ನ ಕಾರ್ಖಾನೆಯ ಹಿಂದಿನ ಬೀದಿಯ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ಮುಂಚಿನಿಂದ ಮುಖಪರಿಚಯ ಇತ್ತು. ಅವನು ಬರುವಷ್ಟರಲ್ಲಿ ಬಿಸಿಲು ಮೇಲೆ ಬಂದು ಗಡ್ಡೆ ಕರಗತೊಡಗಿತ್ತು. ಎಂಜಿನ್ನಿನ ಪಕ್ಕದಿಂದ ನೀರು ಇಳಿಯಲು ಶುರುವಾಯಿತು. ಹನಿಯಾಗಿ ಅಲ್ಲ, ಧಾರೆಯಾಗಿ. ಅದಕ್ಕೆ ಬಣ್ಣವೂ ಇರಲಿಲ್ಲ, ವಾಸನೆಯೂ ಇರಲಿಲ್ಲ. ವಾಸನೆ ನಿಂತದ್ದು ಸೋರಿಕೆ ನಿಂತದ್ದಕ್ಕಲ್ಲ, ಒಳಗೆ ಚಳಿಗೂ ಹೆಪ್ಪುಗಟ್ಟದ ಕೂಲೆಂಟ್ ಅನ್ನುವುದೇ ಉಳಿದಿಲ್ಲದ್ದಕ್ಕೆ ಎಂದು ಆಗ ಗೊತ್ತಾಯಿತು.

ಮೆಕ್ಯಾನಿಕ್ ಮಂಡಿಯೂರಿ ಟಾರ್ಚ್ ಬಿಟ್ಟು ನೋಡಿದ. ಎಂಜಿನ್ನಿನ ಕವಚದಲ್ಲೇ ಬಿರುಕು ಬಿಟ್ಟಿದೆ, ಇದನ್ನು ಬೆಸೆಯುವುದೆಲ್ಲ ಆಗದ ಮಾತು ಅಂದ. ಏನು ಹಾಕಿದ್ದಿರಿ ಎಂದು ಕೇಳಿದ. ನೀರು ಅಂದರು ಭಾವ, ಗ್ಯಾರೇಜಿನವನೊಬ್ಬ ನೀರು ಹಾಕಿದರೆ ಗ್ರ್ಯಾಂಡ್ ಅಂದಿದ್ದ. ಯಾವುದಕ್ಕೆ ಗ್ರ್ಯಾಂಡ್ ಅಂದ ಎಂದು ಮೆಕ್ಯಾನಿಕ್ ಕೇಳಿದ. ಭಾವ ತಡವರಿಸಿದರು. ಮನೆ ಮುಟ್ಟೋದಕ್ಕೆ ಅಂದರು.

"ಮತ್ತೆ ನೀವು ಮನೆ ಮುಟ್ಟಲಿಲ್ವಾ?"

ಅವನು ಇದನ್ನು ಚುಚ್ಚಲು ಕೇಳಿದ್ದಲ್ಲ. ಲೆಕ್ಕ ತಪ್ಪಿದ್ದು ಎಲ್ಲಿ ಎಂದು ನಿಜವಾಗಿ ತಿಳಿಯದೆ ಕೇಳಿದ್ದು. ಆದರೆ ನಾನು ನನ್ನ ಜೀವಮಾನದಲ್ಲಿ ಯಾವ ವೇದಿಕೆಯ ಮೇಲೂ ಅಷ್ಟು ಚಿಕ್ಕದಾಗಿ ಅಷ್ಟು ಪೂರ್ತಿಯಾಗಿ ಒಬ್ಬರನ್ನು ಸೋಲಿಸಿದ ಪ್ರಶ್ನೆಯನ್ನು ಕೇಳಿಲ್ಲ. ಭಾವ ಕೈ ಒರೆಸಿಕೊಳ್ಳುತ್ತಲೇ ಇದ್ದರು, ಕೈಯಲ್ಲಿ ಏನೂ ಅಂಟಿರಲಿಲ್ಲ.

ಮೆಕ್ಯಾನಿಕ್ ಹೋದ ಮೇಲೆ, ಮಧ್ಯಾಹ್ನ ಬಸ್ಸಿದೆ, ಇಬ್ಬರೂ ಹೋಗೋಣ, ಬ್ಯಾಗಂತೂ ರೆಡಿ ಇದೆ ಅಂದೆ. ವಾದ ಮಾಡುವ ದನಿಯಲ್ಲಿ ಹೇಳಲಿಲ್ಲ. ಭಾವ ಡಿಕ್ಕಿ ತೆರೆದರು. ಬ್ಯಾಗಿನಿಂದ ಪೆನ್ಸಿಲ್ ಡಬ್ಬಿ ತೆಗೆದು ನನ್ನ ಕೈಗೆ ಕೊಟ್ಟರು.

"ನೀನು ಹೋಗ್ಬಾ," ಅಂದರು. "ಇದನ್ನ ಹಿಂಗೇ ಬಿಟ್ಟು ಹೆಂಗೆ ಬರ್ಲಿ."

ಅಕ್ಕನಿಗೆ ಎದುರಿಗೇ ಹೇಳೋಣ ಎಂದುಕೊಂಡು, ಫೋನ್ ಮಾಡದೆ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನೆರಳಿದ್ದ ಕಡೆಯೆಲ್ಲ ಹಿಮ ಇನ್ನೂ ಕರಗಿರಲಿಲ್ಲ. ಕ್ಯಾಹರ್ ಬಂತು, ಹೋಯಿತು. ಹೇಳಿಕೊಳ್ಳುವಂಥ ದೂರವೇನಲ್ಲ ಅದು.

ಅಕ್ಕ ಬಾಗಿಲು ತೆಗೆದು ನನ್ನನ್ನು ನೋಡಿದರು, ಆಮೇಲೆ ನನ್ನ ಹಿಂದೆ ಬೀದಿಯನ್ನು ನೋಡಿದರು, ಬಾ ಅಂದರು. ಮಗು ಪೆನ್ಸಿಲ್ಲುಗಳನ್ನು ಟೇಬಲ್ ಮೇಲೆ ಹರಡಿಕೊಂಡು ಕೂತಿತು. ಅಕ್ಕ ಗೊಜ್ಜು, ಹಪ್ಪಳ, ಭಾವನಿಗೆ ಇಷ್ಟವಾದ ಹುರುಳಿಕಾಯಿ ಪಲ್ಯ ಎಲ್ಲ ಮಾಡಿದ್ದರು. ಯಾಕೆ ಇಷ್ಟೊಂದು ಎಂದು ನಾನು ಕೇಳುವಂತಿರಲಿಲ್ಲ. ನಡೆದದ್ದನ್ನು ಹೇಳಿದೆ. ಮಂಜುಗಡ್ಡೆಯ ಮಾತು ಬಂದಾಗ ಅಕ್ಕನಿಗೆ ನಗು ಬಂತು. ನಗು ಬಂದದ್ದಕ್ಕೆ ಬೇಜಾರೂ ಆಯಿತು, ಎರಡೂ ಮುಖದಲ್ಲಿ ಒಟ್ಟಿಗೆ ಕಂಡವು.

ಊಟದ ಮಧ್ಯೆ ನನ್ನ ಫೋನಿಗೆ ಭಾವನ ಮೆಸೇಜ್ ಬಂತು. ಒಂದು ಎಂಜಿನ್ನಿನ ಫೋಟೊ, ಮರದ ಹಲಗೆಯ ಮೇಲೆ ಕೂರಿಸಿದ್ದು. ಲಿಮೆರಿಕ್‌ನಲ್ಲಿ ಇದೇ ಮಾಡೆಲ್ಲಿನದು ಸಿಕ್ಕಿದೆ, ನಾಳೆ ಹೋಗಿ ನೋಡಿಕೊಂಡು ಬರುತ್ತೇನೆ ಎಂದು ಬರೆದಿದ್ದರು. ಮುಚ್ಚಿಡುವುದು ನನಗೆ ಬರುವುದಿಲ್ಲ, ಅಕ್ಕನಿಗೆ ತೋರಿಸಿದೆ.

ಅಕ್ಕ ಫೋಟೊ ನೋಡಿ ಫೋನ್ ವಾಪಸು ಕೊಟ್ಟರು. "ಹೆಂಗೆ ಹೋಗ್ತಾರಂತೆ?"

"ಬಸ್ಸಲ್ಲೇ ಇರ್ಬೇಕು," ಅಂದೆ.

ಅಕ್ಕ ತಲೆಯಾಡಿಸಿದರು, ಮಗುವಿನ ತಟ್ಟೆಗೆ ಮೊಸರು ಹಾಕಿದರು. ಭಾವನ ಪರವಾಗಿ ನಿಲ್ಲಲು ನನ್ನ ಹತ್ತಿರ ಇದ್ದದ್ದು ಡಿಕ್ಕಿಯಲ್ಲಿದ್ದ ಒಂದು ಬ್ಯಾಗು. ಅದನ್ನು ಹೇಳಿದೆ. ಗೊತ್ತು ಅಂದರು ಅಕ್ಕ, ಅವರು ಕೆಟ್ಟವರು ಅಂತ ನಾನು ಯಾವಾಗ ಅಂದೆ. ಮರುದಿನ, ಶನಿವಾರ, ಅಕ್ಕ ನನ್ನನ್ನೂ ಮಗುವನ್ನೂ ಕರೆದುಕೊಂಡು ಹೋಗಿ ಎರಡು ಮನೆ ತೋರಿಸಿದರು. ದೊಡ್ಡದರಲ್ಲಿ ಮೇಲೊಂದು ಕೋಣೆ ಇತ್ತು, ಮೇಜು ಹಾಕಿಕೊಂಡು ಆಫೀಸು ಕೆಲಸ ಮಾಡುವಂಥದ್ದು. ಅದರ ಬಾಗಿಲಲ್ಲಿ ಅಕ್ಕ ಸ್ವಲ್ಪ ಹೊತ್ತು ನಿಂತರು. ಚಿಕ್ಕದು ಶಾಲೆಗೆ ಹತ್ತಿರ. ಮಗು ಚಿಕ್ಕದರ ಕಿಟಕಿಗೆ ಮೂಗು ಒತ್ತಿ, ತನ್ನ ಗೆಳತಿಯ ಮನೆ ಕಾಣುತ್ತದೆ ಅಂತ ಇಂಗ್ಲಿಷಿನಲ್ಲಿ ಕೂಗಿತು.

ಭಾನುವಾರ ಸಂಜೆ ನಾನು ಹಾಲಿಹಿಲ್‌ಗೆ ವಾಪಸು ಬಂದಾಗ ಭಾವ ಅಡುಗೆಮನೆಯಲ್ಲಿ ಟೀ ಕಾಯಿಸುತ್ತಿದ್ದರು. ನನಗೂ ಒಂದು ಲೋಟ ಬಗ್ಗಿಸಿದರು. ಮಗು ಹೇಗಿದೆ ಎಂದು ಕೇಳಿದರು, ಪೆನ್ಸಿಲ್ಲು ಇಷ್ಟವಾಯಿತಾ ಎಂದು ಕೇಳಿದರು. ಇಷ್ಟವಾಯಿತು ಅಂದೆ. ಲೋಟ ಖಾಲಿಯಾಗುವವರೆಗೂ ಅವರು ಮುಂದಿನದನ್ನು ಕೇಳಲಿಲ್ಲ.

"ಏನಂದ್ಲು ನಿಮ್ಮಕ್ಕ?"

"ಕೆಲಸಕ್ಕೆ ಹೂಂ ಅಂತಾಳೆ ನಾಳೆ. ಮನೆ, ಚಿಕ್ಕದೇ ಹಿಡೀತಾಳಂತೆ."

"ಚಿಕ್ಕದಾ? ಎರಡು ರೂಮಿಂದಾ?" ಭಾವ ಲೋಟವನ್ನು ಸಿಂಕಿನಲ್ಲಿಟ್ಟರು. "ಸಾಕಾಗತ್ತಾ?"

"ಇಬ್ಬರಿಗೆ ಸಾಕಂತೆ."

ಅವರು ನಲ್ಲಿ ತಿರುಗಿಸಿ ಲೋಟ ತೊಳೆದರು, ನನ್ನದನ್ನೂ ಇಸಿದುಕೊಂಡು ತೊಳೆದರು, ಎರಡನ್ನೂ ಬೋರಲು ಹಾಕಿದರು. ಆಮೇಲೆ ಲಿಮೆರಿಕ್‌ನ ಎಂಜಿನ್ನಿನ ಇನ್ನಷ್ಟು ಫೋಟೊ ತೆಗೆದುಕೊಂಡು ಬಂದಿದ್ದೀನಿ, ನೋಡ್ತೀಯಾ ಎಂದು ಕೇಳಿದರು. ತೋರಿಸಿ ಅಂದೆ.